ಟ್ಯಾಗು ಕಟ್ಟಿದವರೇ ಬಿಚ್ಚಬೇಕು

ನನ್ನ ಗಂಡ ಮದುವೆಯಾದಾಗಿನಿಂದ ಒಂದು ಸಲವೂ ತಮ್ಮ ಕುತ್ತಿಗೆಯನ್ನು ನನ್ನ ಕೈಗೆ ಕೊಟ್ಟವರಲ್ಲ. ವಿಶಾಖಪಟ್ಟಣದ ಪಕ್ಕದ ಪೆಂಡುರ್ತಿಯ ಅರ್ಧ ಜನರ ಕುತ್ತಿಗೆ ನನ್ನ ಕೈಯಲ್ಲಿ ಹಾದುಹೋಗಿದೆ, ಮನೆಯಲ್ಲಿದ್ದ ಒಬ್ಬ ಗಂಡಸಿನದು ಮಾತ್ರ ಸಿಕ್ಕಿರಲಿಲ್ಲ. ನಾನು ಕೈರೋಪ್ರಾಕ್ಟರ್. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಒತ್ತಿ, ತಿರುಗಿಸಿ ಸಡಿಲ ಮಾಡುವುದು ನನ್ನ ಕೆಲಸ. ಮೊದಲು ಫಿಸಿಯೋಥೆರಪಿ ಓದಿದೆ, ಆಮೇಲೆ ಇದನ್ನು ಕಲಿತೆ. ತುಮಕೂರಿನಲ್ಲಿರುವ ನಮ್ಮತ್ತೆ ನೆಂಟರ ಮುಂದೆ ಇದನ್ನು "ಮೈ ಕೈ ತೀಡೋ ಕೆಲಸ" ಎಂದು ಪರಿಚಯಿಸಿ, ಅದರ ಮೇಲೆ ಕಾಫಿ ಕೊಡುತ್ತಾರೆ.

ಇವರು ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಂಜಿನಿಯರ್. ಕುತ್ತಿಗೆ ಯಾಕೆ ಮುಟ್ಟಿಸಿಕೊಳ್ಳುವುದಿಲ್ಲ ಎಂದರೆ ಅವರ ಹತ್ತಿರ ಉತ್ತರ ತಯಾರಿತ್ತು.

"ಓಡ್ತಿರೋ ಮೆಷಿನ್ನಿಗೆ ಯಾರೂ ಕೈ ಹಾಕಬಾರದು ಕಣೆ. ಶಟ್‌ಡೌನ್ ಕೊಟ್ಮೇಲೆ ಮುಟ್ಟು."

"ಮನುಷ್ಯರಿಗೆ ಶಟ್‌ಡೌನ್ ಅಂದ್ರೆ ಏನೂಂತ ಗೊತ್ತು ತಾನೆ ನಿಮಗೆ?"

"ಅದಕ್ಕೇ ಮುಟ್ಬೇಡ ಅಂತಿರೋದು."

ಇಲ್ಲಿ ಅವರ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಯಾವ ಯಂತ್ರದೊಳಗೆ ಕೈ ಹಾಕುವ ಮೊದಲೂ ಅದರ ಕರೆಂಟು ತೆಗೆದು, ಸ್ವಿಚ್ಚಿಗೆ ಒಂದು ಕೆಂಪು ಟ್ಯಾಗು ಕಟ್ಟುತ್ತಾರೆ. ಅದರ ಮೇಲೆ ತೆಲುಗು, ಹಿಂದಿ, ಇಂಗ್ಲಿಷುಗಳಲ್ಲಿ "ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ" ಎಂದಿರುತ್ತದೆ, ಕಟ್ಟಿದವರ ಹೆಸರೂ ಇರುತ್ತದೆ. ಅದನ್ನು ಕಟ್ಟಿದವರೇ ಬಿಚ್ಚಬೇಕು. ಬೇರೆ ಯಾರು ಬಂದು ಎಷ್ಟು ಕೂಗಾಡಿದರೂ, ಅವರು ಎಷ್ಟು ದೊಡ್ಡ ಸಾಹೇಬರಾದರೂ ಬಿಚ್ಚುವಂತಿಲ್ಲ. ಈ ನಿಯಮದಿಂದ ಎಷ್ಟು ಜನರ ಕೈಕಾಲು ಉಳಿದಿದೆ ಎನ್ನುವುದನ್ನು ಇವರು ನೆಂಟರ ಮನೆಯ ನಾಮಕರಣದಲ್ಲಿಯೂ ಹೇಳಬಲ್ಲರು.

ಬಳಸಿ ಬಿಸಾಡಿದ ಇಂಥ ಟ್ಯಾಗುಗಳು ಒಂದೆರಡು ನಮ್ಮ ಮನೆಗೂ ಬಂದಿದ್ದವು. ಒಂದು ಬೇಸಿಗೆಯಲ್ಲಿ ಇವರು ಅಡುಗೆಮನೆಯ ಫ್ಯಾನು ಬಿಚ್ಚಿ, ಸ್ವಿಚ್ಚಿಗೆ ಟ್ಯಾಗು ಕಟ್ಟಿ, ಅಷ್ಟರಲ್ಲಿ ಫೋನು ಬಂದು ಕಾರ್ಖಾನೆಗೆ ಹೊರಟುಹೋದರು. ಅಲ್ಲಿ ಏನೋ ಕೆಟ್ಟು ಮಾರನೆಯ ದಿನವೂ ಸರಿಯಾಗಿ ಮನೆಗೆ ಬರಲಿಲ್ಲ. ನಾವಿದ್ದ ಕಾರ್ಖಾನೆ ಟೌನ್‌ಶಿಪ್ಪಿನ ಎಲೆಕ್ಟ್ರಿಷಿಯನ್ ಬಂದವನು ಟ್ಯಾಗು ನೋಡಿ ಚಪ್ಪಲಿ ಮೆಟ್ಟಿಕೊಂಡ. "ಸಾರ್ ಕಟ್ಟಾರು ಕದಂಡಿ, ಸಾರೇ ತೀಯಾಲಿ" ಎಂದ. ಸಾರ್ ಕಟ್ಟಿದ್ದನ್ನು ಸಾರೇ ತೆಗೆಯಬೇಕು. ವಿಶಾಖಪಟ್ಟಣದ ಮೇ ತಿಂಗಳಿನಲ್ಲಿ ನಾನು ಫ್ಯಾನಿಲ್ಲದೆ ರಾಗಿ ಮುದ್ದೆ ತೊಳಸಿದೆ. ಆಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ಕ್ಲಿನಿಕ್ಕು ಪೆಂಡುರ್ತಿಯ ಮುಖ್ಯ ರಸ್ತೆಯಲ್ಲಿ, ಒಂದು ಹಪ್ಪಳದಂಗಡಿಯ ಮೇಲಿದೆ. ಬರುವವರಿಗೆ ನೋವು ಹೋಗುವುದು ಎರಡನೆಯ ವಿಷಯ, ಮೊದಲು ಸದ್ದು ಬರಬೇಕು. ಫೋನಿನಲ್ಲಿ ವಿಡಿಯೋ ನೋಡಿ ಬಂದಿರುತ್ತಾರೆ. ಅದರಲ್ಲಿ ಯಾರೋ ಯಾರದೋ ಕುತ್ತಿಗೆ ತಿರುವಿದರೆ ಟಕ್ ಎನ್ನುತ್ತದೆ, ತಿರುವಿಸಿಕೊಂಡವರು ನಗುತ್ತಾರೆ. ಆ ಸದ್ದು ಕೀಲಿನೊಳಗಿನ ಗಾಳಿಗುಳ್ಳೆಯದು, ಅದಕ್ಕೂ ವಾಸಿಯಾಗುವುದಕ್ಕೂ ದೊಡ್ಡ ಸಂಬಂಧವಿಲ್ಲ ಎಂದು ನಾನು ಮೊದಮೊದಲು ವಿವರಿಸುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಸೌಂಡ್ ರಾಲೇದು ಮೇಡಂ" ಎಂದು, ಸದ್ದು ಬರಲಿಲ್ಲವೆಂಬ ಬೇಜಾರಿನಿಂದ ಎದ್ದುಹೋಗುತ್ತಿದ್ದರು. ಆಮೇಲೆ ವಿವರಣೆ ಬಿಟ್ಟೆ. ಸದ್ದು ಬಂದರೆ ಬರಲಿ ಎಂದು ಕೆಲಸ ಮಾಡುತ್ತಿದ್ದೆ, ಬರುತ್ತಿತ್ತು.

ನಮ್ಮ ವೃತ್ತಿಯವರ ಸಂಘವೊಂದಿದೆ. ಓದು ಮುಗಿಯಿತು ಎಂದು ಯಾರೂ ಕೂರಬಾರದು, ಆಗಾಗ ತರಬೇತಿಗೆ ಹೋಗುತ್ತಿರಬೇಕು ಎನ್ನುವುದು ಅವರ ನಿಯಮ. ಹಾಗೆ ಒಂದು ಸಲ ವಿಜಯವಾಡದಲ್ಲಿ ಎರಡು ದಿನದ ತರಬೇತಿ ಇಟ್ಟಿದ್ದರು. ವಿಷಯ, ಇಡೀ ದೇಹ ಮತ್ತು ನರಮಂಡಲದ ಆರೋಗ್ಯ. ವಿಷಯದಲ್ಲಿ ಇಡೀ ದೇಹವೇ ಇದ್ದದ್ದರಿಂದ ಬಿಟ್ಟುಹೋಗುವುದು ಏನೂ ಇರಲಾರದು ಎಂದುಕೊಂಡು ಹೆಸರು ಕೊಟ್ಟೆ. ಇವರೂ ಬರುತ್ತೇನೆಂದರು. ರಜೆ ಉಳಿದಿತ್ತು, ಅಲ್ಲೇ ಹತ್ತಿರದ ಮಂಗಳಗಿರಿಯಲ್ಲಿ ತಂಗಿಗೊಂದು ಸೀರೆ ತರಬೇಕಿತ್ತು, ತಮಗೊಂದೆರಡು ಜುಬ್ಬವೂ ಬೇಕಿತ್ತು.

ಜುಬ್ಬದ ಹುಚ್ಚು ಆ ವರ್ಷ ಹೊಸದಾಗಿ ಹತ್ತಿತ್ತು. ಗುಂಡಿಯೇ ಇಲ್ಲದ, ತಲೆ ತೂರಿಸಿ ಹಾಕಿಕೊಳ್ಳುವ ಮಂಗಳಗಿರಿ ನೂಲಿನ ಜುಬ್ಬಗಳು. ಕಾರ್ಖಾನೆಯ ಅಂಗಿಗಳಿಗೆ ಟೌನ್‌ಶಿಪ್ಪಿನ ದರ್ಜಿಯಿಂದ ಒತ್ತಿದರೆ ಕೂರುವ ಟಿಚ್ ಬಟನ್ ಹಾಕಿಸಿಕೊಂಡಿದ್ದರು. ಲೇಸಿನ ಶೂ ಬಿಟ್ಟು, ಕಾಲು ತೂರಿಸುವ ಶೂ ತಂದರು. ರಾತ್ರಿ ಮುದ್ದೆ ಬೇಡವೆಂದರು, ಹೊಟ್ಟೆ ಭಾರವಾಗುತ್ತದಂತೆ. ಹುಟ್ಟಿದಾಗಿನಿಂದ ಭಾರವಾಗದ್ದು ಈಗ ಆಗತೊಡಗಿತ್ತು. ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದರು. ಸಂದೇಶವನ್ನು ಬೆರಳಿನಲ್ಲಿ ಒತ್ತುವುದು ಬಿಟ್ಟು, ಫೋನನ್ನು ಬಾಯಿಯ ಹತ್ತಿರ ಹಿಡಿದು ಜೋರಾಗಿ ಹೇಳುತ್ತಿದ್ದರು. ರಾಜಮಂಡ್ರಿಯಲ್ಲಿ ಓದುತ್ತಿದ್ದ ಮಗಳು, "ಅಪ್ಪ ಫುಲ್ ಮಾಡ್ರನ್ ಅಯಿಪೋಯಾರು" ಎಂದು, ಅಪ್ಪ ಪೂರ್ತಿ ಮಾಡ್ರನ್ ಆಗಿಹೋದರೆಂದು ನಕ್ಕಳು. ರಿಟೈರ್ ಆಗುವ ಕಾಲಕ್ಕೆ ಗಂಡಸರಿಗೆ ಹೀಗೆ ಎರಡನೇ ಹರೆಯ ಬರುವುದುಂಟೆಂದು ನಾನೂ ನಕ್ಕೆ.

ಮನೆಗೆ ಹತ್ತಿರದ ದುವ್ವಾಡದಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಇವರು ಸೇತುವೆಗಳ ಕಬ್ಬಿಣ ನೋಡಿ ಅಭಿಪ್ರಾಯ ಹೇಳಿದರು. ವಿಜಯವಾಡದಲ್ಲಿ ತರಬೇತಿ ನಡೆಯುವ ಹೋಟೆಲಿನಲ್ಲೇ ರೂಮು ಸಿಕ್ಕಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಸಭಾಂಗಣದಲ್ಲಿ ಎಸಿ ಎಷ್ಟಿತ್ತೆಂದರೆ ಇಡೀ ದೇಹದ ಆರೋಗ್ಯದ ಬಗ್ಗೆ ಕಲಿಯಲು ಬಂದವರೆಲ್ಲ ಮೂಗೊರೆಸಿಕೊಳ್ಳುತ್ತಿದ್ದರು.

ಪಾಠ ಹೇಳಲು ಬಂದಿದ್ದವರು ಕೇರಳದ ಒಬ್ಬ ಹಿರಿಯ ಹೆಂಗಸು. ನರರೋಗಿಗಳ ನಡುವೆಯೇ ಆಯುಷ್ಯ ಕಳೆದವರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಮೊದಲ ಮಾತೇ, "ಈ ಎರಡು ದಿನ ಯಾರೂ ಯಾರ ಕುತ್ತಿಗೆಯನ್ನೂ ತಿರುವುವುದಿಲ್ಲ" ಎಂದು. ಹೊಸ ಪಟ್ಟುಗಳನ್ನು ಕಲಿಯಲು ಬಂದಿದ್ದವರ ಮುಖ ಮದುವೆಗೆ ಹೋಗಿ ಊಟವಿಲ್ಲದೆ ವಾಪಸಾದವರ ಮುಖದಂತಾಯಿತು. ನನ್ನ ಪಕ್ಕದವರು ತರಬೇತಿಯವರು ಕೊಟ್ಟ ಬ್ಯಾಗಿನೊಳಗೆ ಆಗಲೇ ಪೆನ್ನು ಹಾಕಿಟ್ಟರು.

ಇಡೀ ದಿನ ಅವರು ಹೇಳಿದ್ದು ನೋಡುವುದರ ಬಗ್ಗೆಯೇ. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಗೋಡೆ ಹಿಡಿಯುತ್ತಾನೆಯೇ, ಕುರ್ಚಿಯಲ್ಲಿ ಕೂರುವ ಮೊದಲು ಕೈಯಿಂದ ತಡವುತ್ತಾನೆಯೇ, ನಿದ್ದೆ ಹೇಗೆ, ಮೂತ್ರಕ್ಕೆ ಅವಸರವಾಗುತ್ತದೆಯೇ, ಏನಾದರೂ ಹೆದರಿಕೆಯಿದೆಯೇ. "ನೀವು ಕೈ ಇಡುವುದು ಮೂಳೆಯ ಮೇಲೆ. ಆದರೆ ಅದರೊಳಗೆ ನರದ ಹುರಿ ಹೋಗುತ್ತದೆ. ಕುತ್ತಿಗೆಯಲ್ಲಿ ಅದು ಒತ್ತಿಕೊಂಡಿದ್ದರೆ ಕುತ್ತಿಗೆ ನೋಯಲೇಬೇಕು ಎಂದಿಲ್ಲ. ಕೈ ಮೊದ್ದಾಗುತ್ತದೆ, ಕಾಲು ತಡವರಿಸುತ್ತದೆ. ಅಂಥವರ ಕುತ್ತಿಗೆಯನ್ನು ನೀವು ಟಕ್ ಅನ್ನಿಸಿದರೆ, ಆಮೇಲೆ ಅವರು ನಡೆಯುವುದು ನಿಮ್ಮ ಅದೃಷ್ಟ." ನಾನು ಎಲ್ಲವನ್ನೂ ಬರೆದುಕೊಂಡೆ. ನನ್ನ ಅಕ್ಷರ ಚೆನ್ನಾಗಿದೆ.

ಸಂಜೆ ಇವರು ಮಂಗಳಗಿರಿಯಿಂದ ವಾಪಸಾದರು. ತಮಗೆ ಜುಬ್ಬ ತಂದಿದ್ದರು, ತಂಗಿಯ ಸೀರೆ ಮರೆತಿದ್ದರು.

ಮರುದಿನ ಪರೀಕ್ಷೆ ಮಾಡಿ ತೋರಿಸಲು ಗೊತ್ತುಮಾಡಿದ್ದ ಮನುಷ್ಯ ಬರಲಿಲ್ಲ. ನಮ್ಮ ವೃತ್ತಿಯವರಲ್ಲದ ಯಾರಾದರೂ ಸಿಗುತ್ತಾರೆಯೇ ಎಂದು ಕೇರಳದ ಮೇಡಂ ಕೇಳಿದರು. ಇವರು ಕೆಳಗೆ ಬಿಟ್ಟಿ ತಿಂಡಿ ಮುಗಿಸಿ ಪೇಪರ್ ಓದುತ್ತಿದ್ದರು. ಹೋಗಿ ಕರೆದೆ.

"ಕುತ್ತಿಗೆ ಮುಟ್ಟಲ್ಲ ಅಂತ ಹೇಳ್ತಾರಾ?"

"ಯಾರೂ ಮುಟ್ಟಲ್ಲ ಬನ್ರೀ. ಅದೇ ಇಲ್ಲಿ ರೂಲು."

"ಎರಡು ದಿನದ ಫೀಸು ಕೊಟ್ಟು ಮುಟ್ಬಾರದೂಂತ ಕಲಿತ್ಯಾ? ನಾನೇ ಹೇಳಿರಲಿಲ್ವಾ?" ಎಂದು ಖುಷಿಯಿಂದ ಎದ್ದುಬಂದರು.

ಮೇಡಂ ಮೊದಲು ಅವರನ್ನು ಕಾರ್ಪೆಟ್ಟಿನ ಅಂಚಿನ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ನಡೆಯಲು ಹೇಳಿದರು. ಇವರು ನಾಲ್ಕು ಹೆಜ್ಜೆ ಇಟ್ಟು ಪಕ್ಕಕ್ಕೆ ವಾಲಿ, ಕಾರ್ಪೆಟ್ಟು ಸರಿಯಾಗಿ ಹಾಸಿಲ್ಲ ಎಂದರು. ಮೇಡಂ ಜುಬ್ಬ ಮೆಚ್ಚಿಕೊಂಡು, ಯಾವಾಗಲೂ ಇದನ್ನೇ ಹಾಕುತ್ತೀರಾ ಎಂದು ಕೇಳಿದರು. ಮೆಚ್ಚುಗೆ ಸಿಕ್ಕಿದರೆ ಇವರು ಸುಮ್ಮನಿರುವವರಲ್ಲ. ಗುಂಡಿ ಹಾಕಲು ಬೆರಳು ಸರಿಯಾಗಿ ಕೇಳುತ್ತಿಲ್ಲವೆಂದು ಗುಂಡಿಯನ್ನೇ ತೆಗೆದುಹಾಕಿದ್ದು, ಲೇಸಿಗೆ ಬದಲು ತೂರಿಸುವ ಶೂ, ಮುದ್ದೆ ಮುರಿದು ಉಂಡೆ ಕಟ್ಟಲು ಆಗದ್ದಕ್ಕೆ ಚಮಚ, ಎಲ್ಲವನ್ನೂ ಒಂದೊಂದಾಗಿ ವಿವರಿಸಿದರು. "ಕಾರ್ಖಾನೆಯಲ್ಲಿ ಒಂದು ಪೈಪು ಕಟ್ಟಿಕೊಂಡರೆ ನಾವು ಬೈಪಾಸ್ ಹಾಕುತ್ತೇವೆ, ಉತ್ಪಾದನೆ ನಿಲ್ಲಬಾರದು" ಎಂದು ಸಭೆಗೆ ತಿಳಿಸಿದರು. ಕೆಲವರು ತಲೆದೂಗಿದರು. ನಾನು ಹಿಂದಿನ ದಿನ ಬರೆದುಕೊಂಡದ್ದೇ ಒಂದೊಂದಾಗಿ ಅವರ ಬಾಯಿಂದ ಬರುತ್ತಿತ್ತು.

ಮೇಡಂ ಇವರ ನಡುಬೆರಳನ್ನು ಮೆಲ್ಲಗೆ ಹಿಡಿದು, ಅದರ ಉಗುರನ್ನು ಚಿಮ್ಮಿದರು. ದೂರದಲ್ಲಿದ್ದ ಹೆಬ್ಬೆರಳು ತಾನಾಗಿಯೇ ಒಳಕ್ಕೆ ಮಡಚಿಕೊಂಡಿತು. ಇನ್ನೊಮ್ಮೆ ಚಿಮ್ಮಿದರು, ಇನ್ನೊಮ್ಮೆ ಮಡಚಿಕೊಂಡಿತು. ಇನ್ನೊಂದು ಕೈಯಲ್ಲಿಯೂ ಹಾಗೆಯೇ ಆಯಿತು. ಎಲ್ಲವನ್ನೂ ಮೊದಲೇ ಹೇಳಿಕೊಟ್ಟು ತಂದಿದ್ದಾರೆಂದು ತಿಳಿದು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಇವರು ಎಲ್ಲರಿಗೂ ಕೈಮುಗಿದರು.

ಮೇಡಂ ಚಪ್ಪಾಳೆ ತಟ್ಟಲಿಲ್ಲ. ಟೀ ವಿರಾಮವೆಂದು ಹೇಳಿ ನನ್ನನ್ನು ನೀರಿನ ಫಿಲ್ಟರಿನ ಹತ್ತಿರಕ್ಕೆ ಕರೆದೊಯ್ದರು.

"ನೀವು ಇವರ ಕುತ್ತಿಗೆಗೆ ಯಾವತ್ತಾದರೂ ಏನಾದರೂ ಮಾಡಿದ್ದೀರಾ?"

"ಇಲ್ಲ. ಮುಟ್ಟಲು ಬಿಟ್ಟಿಲ್ಲ."

"ದೇವರು ದೊಡ್ಡವನು" ಎಂದು ನನ್ನ ಕೈ ಹಿಡಿದುಕೊಂಡರು. ಹೆಬ್ಬೆರಳು ಹಾಗೆ ಮಡಚಿಕೊಂಡರೆ ಕುತ್ತಿಗೆಯಲ್ಲಿ ನರದ ಹುರಿ ಒತ್ತಿಕೊಂಡಿರಬೇಕು, ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ ಎಂದರು. ಹೀಗೇ ಬಿಟ್ಟರೆ ಕೈ ಪೂರ್ತಿ ಹೋಗಬಹುದು, ಆಮೇಲೆ ಕಾಲು. ಜೋರಾಗಿ ಒಮ್ಮೆ ಬಿದ್ದರೆ ಎಲ್ಲವೂ ಒಟ್ಟಿಗೇ ಹೋಗಬಹುದು. ಮಧ್ಯಾಹ್ನದ ಪಾಠದಲ್ಲಿ ಉಸಿರಾಟದ ಬಗ್ಗೆ ಹೇಳಿದರಂತೆ. ನಾನು ಅಲ್ಲೇ ಕೂತಿದ್ದೆ, ಏನೂ ಕೇಳಿಸಲಿಲ್ಲ.

ವಾಪಸು ರೈಲಿನಲ್ಲಿ ಎಲ್ಲ ಹೇಳಿದೆ. ಇವರು ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿಸಿಕೊಂಡರು.

"ಮುಂದಿನ ವರ್ಷ ರಿಟೈರ್ ಆಗ್ತೀನಲ್ಲ, ಆಗ ನೋಡಿಸೋಣ ಬಿಡು. ಈಗ ದೊಡ್ಡ ರಿಪೇರಿ ಇದೆ, ರಜಾ ಸಿಗಲ್ಲ."

"ಆಗ ನೋಡೋಕೆ ಏನಿರುತ್ತೆ?"

"ಬೈಪಾಸ್‌ನಲ್ಲಿ ಚೆನ್ನಾಗೇ ಓಡ್ತಿದೆಯಲ್ಲೆ. ಸುಮ್ನೆ ಯಾಕೆ ಬಿಚ್ಚೋದು?"

ಊರಿಗೆಲ್ಲ ಯಂತ್ರ ನಿಲ್ಲಿಸಿ ರಿಪೇರಿ ಮಾಡಿ ಎಂದು ಉಪದೇಶ ಮಾಡಿದ ಮನುಷ್ಯ. ನನಗೆ ಅವರನ್ನು ಸೀಟಿನಿಂದ ತಳ್ಳಬೇಕೆನ್ನಿಸಿತು, ತಳ್ಳಿದರೆ ಬೀಳುತ್ತಾರೆಂಬ ಹೆದರಿಕೆಯಿಂದ ಸುಮ್ಮನಾದೆ. ದುವ್ವಾಡದಲ್ಲಿ ಇಳಿಯುವಾಗ ಅವರು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದನ್ನು ನೋಡಿದೆ. ಅದನ್ನು ಎಷ್ಟು ತಿಂಗಳಿಂದ ಹಾಗೆ ಹಿಡಿಯುತ್ತಿದ್ದರೋ.

ಮಾರನೆಯ ಬೆಳಗ್ಗೆ ಇವರು ಸ್ನಾನಕ್ಕೆ ಹೋದಾಗ ನಾನು ಅಲಮಾರಿಯಿಂದ ಒಂದು ಕೆಂಪು ಟ್ಯಾಗು ತೆಗೆದೆ. ಹಳೆಯ ಹೆಸರನ್ನು ಹೊಡೆದು ನನ್ನ ಹೆಸರು ಬರೆದು, ಅವರು ದಿನವೂ ಕಾರ್ಖಾನೆಗೆ ಹೋಗುತ್ತಿದ್ದ ಸ್ಕೂಟರಿನ ಹ್ಯಾಂಡಲ್ಲಿಗೆ ತಂತಿ ಸುತ್ತಿ ಕಟ್ಟಿದೆ. ಇಷ್ಟು ವರ್ಷ ಜೊತೆಯಲ್ಲಿದ್ದುದಕ್ಕೆ ಕಟ್ಟುವ ವಿಧಾನ ಗೊತ್ತಿತ್ತು.

ಇವರು ಟಿಫಿನ್ ಡಬ್ಬಿ ಹಿಡಿದು ಹೊರಗೆ ಬಂದರು. ಟ್ಯಾಗು ನೋಡಿದರು. ಅದನ್ನು ತಿರುಗಿಸಿ ಹೆಸರು ಓದಿದರು.

"ಏನೇ ಇದು?"

"ಕೆಲಸ ನಡೀತಿದೆ. ಚಾಲೂ ಮಾಡ್ಬೇಡಿ."

"ತಮಾಷೆ ಸಾಕು, ಬಿಚ್ಚು. ಬಯೊಮೆಟ್ರಿಕ್ಕಿಗೆ ಲೇಟಾಗುತ್ತೆ."

"ಕೆಲಸ ಮುಗಿದ ಮೇಲೆ ಬಿಚ್ತೀನಿ. ಸ್ಕ್ಯಾನು, ಡಾಕ್ಟ್ರು, ಅವರು ಏನು ಹೇಳ್ತಾರೋ ಅದು."

ಅವರು ತಂತಿಯ ಮೇಲೆ ಕೈ ಇಟ್ಟರು. ಆ ಬೆರಳಿನಲ್ಲಿ ಅದು ಬಿಚ್ಚುವಂತಿರಲಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಅವರು ಕೈ ತೆಗೆದದ್ದು ಅದಕ್ಕಲ್ಲ. ಇಕ್ಕಳ ತರಬಹುದಿತ್ತು, ಪಕ್ಕದ ಮನೆಯವರನ್ನು ಕರೆಯಬಹುದಿತ್ತು, ಎರಡನ್ನೂ ಮಾಡಲಿಲ್ಲ. ಗೇಟು ತೆಗೆದು ಬಸ್‌ಸ್ಟಾಪಿನ ಕಡೆಗೆ ನಡೆದರು. ನನಗೆ ಗೆದ್ದೆ ಎನ್ನಿಸಲಿಲ್ಲ. ಅವರು ಬಲಗಾಲನ್ನು ಎಳೆದು ಇಡುವುದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ಬಸ್ಸು ಅವರಿಗೆ ಅಭ್ಯಾಸವಿರಲಿಲ್ಲ. ಸಂಜೆ ಬಂದವರು ನನ್ನ ಜೊತೆ ಮಾತು ಬಿಟ್ಟು, ಮಗಳಿಗೆ ಫೋನು ಮಾಡಿ ದೂರು ಹೇಳಿದರು. ಅವಳು ವಿಷಯವೆಲ್ಲ ಕೇಳಿ, ಫೋನು ಅಮ್ಮನಿಗೆ ಕೊಡಿ ಎಂದು ಹೇಳಿ, ನನಗೆ "ಮಂಚಿ ಪನಿ ಚೇಸಾವಮ್ಮಾ" ಎಂದಳು. ಒಳ್ಳೆಯ ಕೆಲಸ ಮಾಡಿದೆ ಎಂದು ಹೇಳಿ ಅತ್ತಳು. ಅವಳು ಅಳುವುದು ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ನನಗೆ ಇದುವರೆಗೂ ಗೊತ್ತಾಗಿಲ್ಲ. ಮೌನವ್ರತ ಆ ವಾರವೆಲ್ಲ ನಡೆಯಿತು. ಕೊನೆಗೆ ಭಾನುವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಡುತ್ತ, "ಆ ಸ್ಕ್ಯಾನು ಎಲ್ಲಿ ಮಾಡ್ತಾರೆ?" ಎಂದರು.

ಎಂಆರ್‌ಐ ಯಂತ್ರದೊಳಗೆ ಅವರನ್ನು ತೂರಿಸಿದರು. ಅದು ಟಕಟಕ, ಢಬಢಬ ಎಂದು ಗೋಡೆಯಾಚೆಗೂ ಕೇಳುವ ಹಾಗೆ ಸದ್ದು ಮಾಡಿತು. ಹೊರಗೆ ಬಂದವರು, "ನಿನ್ನ ಪೇಷಂಟುಗಳನ್ನೆಲ್ಲ ಇಲ್ಲಿಗೆ ಕಳಿಸು, ಬೇಕಾದಷ್ಟು ಸೌಂಡ್ ಇದೆ" ಎಂದರು. ಮೇಡಂ ಹೇಳಿದ್ದೇ ನಿಜವಾಗಿತ್ತು. ಸರ್ಜನ್ನರು ಚಿತ್ರವನ್ನು ಬೆಳಕಿಗೆ ಹಿಡಿದು ಹುರಿ ಒತ್ತಿಕೊಂಡ ಜಾಗ ತೋರಿಸಿದರು. ಆಪರೇಷನ್ ಮಾಡಿದರೆ ಇನ್ನೂ ಕೆಡುವುದು ನಿಲ್ಲುತ್ತದೆ, ಹೋಗಿರುವುದು ಎಷ್ಟು ವಾಪಸು ಬರುತ್ತದೆಂದು ಹೇಳಲಾಗದು ಎಂದರು. ಇವರು ಗ್ಯಾರಂಟಿ ಎಷ್ಟು ದಿನದ್ದು ಎಂದು ಕೇಳಿದರು. ಸರ್ಜನ್ನರು ನಗಲಿಲ್ಲ.

ಆಪರೇಷನ್ನಿನ ಬೆಳಗ್ಗೆ ನರ್ಸು ಬಂದು ಅವರ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದಳು. ಇವರು ಅದನ್ನು ತುಂಬ ಹೊತ್ತು ನೋಡಿದರು.

"ಇದನ್ನ ಯಾರು ಬಿಚ್ತಾರೆ?"

"ಕಟ್ಟಿದವರೇ ಬಿಚ್ತಾರೆ, ಮನೆಗೆ ಕಳಿಸುವಾಗ."

"ಶಟ್‌ಡೌನ್ ಕೊಟ್ಟೇಬಿಟ್ಟೆ ಕಣೆ. ಮತ್ತೆ ಸ್ಟಾರ್ಟ್ ಆಗದಿದ್ರೆ?" ಎಂದರು. ಆಮೇಲೆ, "ನಂಗೆ ಹೆದ್ರಿಕೆ ಆಗ್ತಿದೆ" ಎಂದರು. ಆ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ನನಗೂ ಆಗ್ತಿದೆ ಎಂದೆ. ಅದು ಸಮಾಧಾನದ ಮಾತಲ್ಲ, ಆದರೆ ಅವರು ಸ್ವಲ್ಪ ಸಮಾಧಾನಗೊಂಡಂತೆ ಕಂಡಿತು.

ಯಂತ್ರ ಸ್ಟಾರ್ಟ್ ಆಯಿತು. ಕೊರಳಿಗೆ ಪಟ್ಟಿ ಹಾಕಿಕೊಂಡು ಮನೆಗೆ ಬಂದು, ಕಾರ್ಖಾನೆಯ ದೊಡ್ಡ ರಿಪೇರಿ ತಮ್ಮನ್ನು ಬಿಟ್ಟು ನಡೆದದ್ದನ್ನು ಫೋನಿನಲ್ಲಿ ಕೇಳಿ ಬೇಸರಪಟ್ಟರು. ಅಷ್ಟರಲ್ಲಿ ನಾನು ಮತ್ತೆ ಕ್ಲಿನಿಕ್ಕಿಗೆ ಹೋಗತೊಡಗಿದೆ. ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಬರುವವರು ಚಪ್ಪಲಿ ಬಿಡುವುದನ್ನು ನೋಡುತ್ತೇನೆ. ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಲು ಹೇಳುತ್ತೇನೆ, ಉಗುರು ಚಿಮ್ಮುತ್ತೇನೆ. ಡಾಕ್ಟರಮ್ಮನಿಗೆ ಈಚೆಗೆ ಚಪ್ಪಲಿ ಕಳ್ಳರ ಅನುಮಾನ ಎಂದು ಹಪ್ಪಳದಂಗಡಿಯವನು ಹೇಳುತ್ತಿದ್ದಾನಂತೆ. ಸದ್ದಿಗಾಗಿ ಬರುವವರು ಕಡಿಮೆಯಾಗಿದ್ದಾರೆ.

ಕೊರಳ ಪಟ್ಟಿ ತೆಗೆದು ಎಷ್ಟೋ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಇವರು ಮುದ್ದೆ ಕೇಳಿದರು. ತೊಳಸಿ ಬಡಿಸಿದೆ. ಚಮಚ ಪಕ್ಕಕ್ಕಿಟ್ಟು ಮುದ್ದೆ ಮುರಿದರು, ಬೆರಳುಗಳ ನಡುವೆ ಉಂಡೆ ಕಟ್ಟಿದರು. ಅದು ಯಾವ ಆಕಾರದಲ್ಲೂ ಇರಲಿಲ್ಲ. ಸಾರಿನಲ್ಲಿ ಅದ್ದಿ ನುಂಗಿದರು, ಇನ್ನೊಂದು ಮುರಿದರು. ನಾನು ಒಗ್ಗರಣೆ ನೋಡುವ ನೆಪದಲ್ಲಿ ಒಳಗೆ ಹೋದೆ.

ಮಾರನೆಯ ಬೆಳಗ್ಗೆ ಹಳೆಯ ಗುಂಡಿಯ ಅಂಗಿ ಹಾಕಿಕೊಂಡು ಹೊರಗೆ ನಿಂತಿದ್ದರು. ಗುಂಡಿಗಳೆಲ್ಲ ಒಂದೊಂದು ಕಾಜ ಕೆಳಗೆ ಬಿದ್ದಿದ್ದವು. ಸ್ಕೂಟರಿನ ಬೀಗದ ಕೈ ನನ್ನ ಕಡೆಗೆ ಚಾಚಿದರು.

"ನೀನೇ ಓಡಿಸು. ಬ್ರೇಕು ನನ್ನ ಕೈಲಿ ಇನ್ನು ಆಗಲ್ಲ, ನಂಗೆ ಗೊತ್ತು. ರೈತು ಬಜಾರಿಗೆ ಹೋಗಿ ಸೊಪ್ಪು ತರೋಣ."

"ಟ್ಯಾಗು?"

"ನೀನು ಕಟ್ಟಿದ್ದು, ನಿನ್ನ ಕೆಲಸ ಮುಗಿದಿದ್ರೆ ಬಿಚ್ಚು. ನಾನು ಹೇಳೋದೇನಿದೆ?"

ಬಿಸಿಲಿಗೆ ಅದರ ಕೆಂಪು ಬೆಳ್ಳಗಾಗಿತ್ತು. ಬಿಚ್ಚಿ ಸೀಟಿನ ಕೆಳಗೆ ಹಾಕಿದೆ. ಇವರು ಹಿಂದೆ ಹತ್ತಿ ಕೂತು, ಹಿಂದಿನ ಕಂಬಿ ಹಿಡಿಯಲು ಹೋಗಿ, ಅದನ್ನು ಬಿಟ್ಟು ನನ್ನ ಎರಡೂ ಹೆಗಲ ಮೇಲೆ ಕೈ ಇಟ್ಟರು. ಗೇಟಿನ ಹಳ್ಳದಲ್ಲಿ ಸ್ಕೂಟರು ಕುಲುಕಿದಾಗ ಹತ್ತು ಬೆರಳೂ ನನ್ನ ಹೆಗಲುಗಳನ್ನು ಬಿಗಿಯಾಗಿ ಹಿಡಿದವು, ಹೆಬ್ಬೆರಳುಗಳು ಕೂಡ. ಎಡಗೈಯ ಹಿಡಿತ ಎಷ್ಟು, ಬಲಗೈಯದು ಎಷ್ಟು ಎಂದು ಹೋಲಿಸಿ ನೋಡುವುದು ನನ್ನ ಕೆಲಸ. ನಾನು ನೋಡಲಿಲ್ಲ, ಬಜಾರು ಬರುವವರೆಗೆ ನಿಧಾನವಾಗಿ ಓಡಿಸಿದೆ.